ಬೊಂಬೆ ಮನೆ ದಾಟಿ ಎಡಕ್ಕೆ

"ಲ್ಯಾಂಡ್‌ಮಾರ್ಕ್ ಏನ್ ಸಾರ್?" ಎಂದ ಪಾರ್ಸೆಲ್ ಹುಡುಗ.

"ಬೊಂಬೆ ಮನೆ ದಾಟಿ ಎಡಕ್ಕೆ."

"ಯಾವ ಬೊಂಬೆ ಸಾರ್? ಇಲ್ಲಿ ಯಾವ ಬೊಂಬೇನೂ ಇಲ್ಲ."

ಫೋನ್ ಕಿವಿಗಿಟ್ಟುಕೊಂಡೇ ಗೇಟಿನ ತನಕ ಹೋಗಿ ನೋಡಿದೆ. ಇರಲಿಲ್ಲ. ಹೆಂಡತಿಯನ್ನು ಕೇಳಿದರೆ, "ನಿಮಗೆ ಈಗ ಗೊತ್ತಾಯ್ತಾ? ದೀಪಾವಳಿಗೆ ಮುಂಚೆನೇ ತೆಗೆದ್ರು" ಎಂದಳು. ದಿನಕ್ಕೆ ಎರಡು ಸಲ ಆ ಮನೆ ಮುಂದೆಯೇ ಓಡಾಡುವವನು ನಾನು.

ನಮ್ಮದು ಬೆಂಗಳೂರಿನ ಕೋಣನಕುಂಟೆ ಕ್ರಾಸಿನಿಂದ ಒಳಗೆ ಎರಡು ತಿರುವು. 2009ರಲ್ಲಿ ನಾವು ಬಂದಾಗಲೇ ಆ ಮನೆಯ ಕೆಲಸ ನಿಂತುಹೋಗಿತ್ತು. ಒಂದು ಮೋಲ್ಡ್ ಹಾಕಿದ್ದರು, ಅಷ್ಟೆ. ಮೇಲೆ ಕಂಬಿಗಳು ಆಕಾಶ ನೋಡುತ್ತಿದ್ದವು. ಅದರಲ್ಲೊಂದಕ್ಕೆ ತಂತಿ ಬಿಗಿದು ದೃಷ್ಟಿಬೊಂಬೆ ಕಟ್ಟಿದ್ದರು. ಹಳೇ ಪ್ಯಾಂಟು ಶರ್ಟಿಗೆ ಹುಲ್ಲು ತುರುಕಿ, ತಲೆಗೆ ಮಡಕೆ ಬೋರಲು ಹಾಕಿ, ಸುಣ್ಣ ಬಳಿದು, ಮಸಿಯಲ್ಲಿ ಮೀಸೆ ಬರೆದಿದ್ದರು. ಅಣ್ಣತಮ್ಮಂದಿರ ಕೇಸು ಎಂದರು ಕೆಲವರು. ದುಡ್ಡು ಮುಗಿಯಿತು ಎಂದರು ಇನ್ನು ಕೆಲವರು. ಪ್ಯಾಂಟು ಬಿಳಿಚಿತು, ಒಂದು ಮಳೆಗಾಲದಲ್ಲಿ ಎಡಗೈ ಉದುರಿತು, ಬೊಂಬೆ ಮಾತ್ರ ಕದಲಲಿಲ್ಲ. ಗ್ಯಾಸಿನವನು, ಪೋಸ್ಟಿನವನು, ಹೆಣ್ಣು ನೋಡಲು ಬಂದವರು, ಎಲ್ಲರೂ ಅದನ್ನು ಕೇಳಿಕೊಂಡೇ ಬಂದರು. ದೃಷ್ಟಿ ಬೀಳಬಾರದು ಎಂದು ಕಟ್ಟಿದ ಬೊಂಬೆಯ ಮೇಲೇ ಇಡೀ ಬಡಾವಣೆಯ ಕಣ್ಣು. ಇದರಲ್ಲಿ ಒಂದು ದೊಡ್ಡ ವಿಷಯ ಇದೆ. ಆಮೇಲೆ ಹೇಳುತ್ತೇನೆ.

ಅವತ್ತು ರಾತ್ರಿ ಕೂತು ಅದರ ಫೋಟೋ ಹುಡುಕಿದೆ. ಒಂದೂ ಸಿಗಲಿಲ್ಲ. ಮಗಳು ಮೊದಲ ದಿನ ಸ್ಕೂಲಿಗೆ ಹೊರಟ ಫೋಟೋದಲ್ಲಿ ವ್ಯಾನಿನ ಹಿಂದೆ ಒಂದು ಕಾಲು ಇದೆ. ಆಯುಧಪೂಜೆಯ ಸ್ಕೂಟರಿನ ಹಿಂದೆ ಅರ್ಧ ಮಡಕೆ. ಗಣಪತಿ ಬಿಡಲು ಹೊರಟವರ ತಲೆಗಳ ಮಧ್ಯೆ ಆ ಒಂದೇ ಕೈ. ಮೂರನ್ನೂ ಜೋಡಿಸಿದರೂ ಮೀಸೆ ಬರುವುದಿಲ್ಲ. ಅದೇ ನಮ್ಮ ಟೆರೇಸ್ ಮೇಲಿಂದ ತೆಗೆದ ಸೂರ್ಯಾಸ್ತಗಳು ಇನ್ನೂರು ಚಿಲ್ಲರೆ. ಎಲ್ಲ ಒಂದೇ ಥರ. ಯಾರಿಗೆ ಬೇಕು ಅವು?

ನಾನೊಬ್ಬನೇ ಹೀಗಲ್ಲ. ವರ್ಷದ ಶುರುವಿನಲ್ಲಿ ಟಬೂಬಿಯಾ ಹೂ ಬಿಟ್ಟರೆ ಸಾಕು, ಜನ ರಸ್ತೆ ಮಧ್ಯದಲ್ಲೇ ನಿಂತು ಕತ್ತು ಕೊಂಕಿಸುತ್ತಾರೆ. ಹಿಂದಿನಿಂದ ಹಾರ್ನ್ ಹೊಡೆದರೆ ನಮ್ಮನ್ನೇ ದುರುಗುಟ್ಟಿ ನೋಡುತ್ತಾರೆ. ಅದೇ ಮರದ ಕೆಳಗೆ ಹಿಟ್ಟಿನ ಗಿರಣಿ ಇದೆ. ಅದರ ಕಡೆ ಒಬ್ಬರೂ ಫೋನ್ ತಿರುಗಿಸುವುದಿಲ್ಲ. ಹೂವು ಮುಂದಿನ ವರ್ಷವೂ ಬಿಡುತ್ತದೆ ಸ್ವಾಮಿ, ಗಿರಣಿ ಬಿಡುತ್ತದಾ?

ಮೆಟ್ರೋ 2017ರಲ್ಲಿ ಯಲಚೇನಹಳ್ಳಿಗೆ ಬಂದು ನಿಂತಿತು. 2021ರ ಜನವರಿಯಲ್ಲಿ ನಮ್ಮನ್ನು ದಾಟಿಕೊಂಡು ರೇಷ್ಮೆ ಸಂಸ್ಥೆವರೆಗೆ ಹೋಯಿತು. ಈಗ ಸ್ಟೇಷನ್ ಮೆಟ್ಟಿಲು ಇರುವ ಕಡೆ ಮೊದಲು ಏನಿತ್ತು ಎಂದು ಮೂವರನ್ನು ಕೇಳಿದೆ. ಒಬ್ಬರು ನರ್ಸರಿ ಎಂದರು, ಒಬ್ಬರು ಸೈಕಲ್ ಶಾಪ್ ಎಂದರು, ಇನ್ನೊಬ್ಬರು ಬಹಳ ಖಚಿತವಾಗಿ ಬಾರ್ ಎಂದರು. ಗೂಗಲ್‌ನಲ್ಲಿ ಬೆಂಗಳೂರಿನ ಬೀದಿ ಬೀದಿಯನ್ನೂ ನೋಡುವ ಸವಲತ್ತು ಬಂದದ್ದು 2022ರಲ್ಲಿ. ಅಷ್ಟು ಹೊತ್ತಿಗೆ ಮೆಟ್ಟಿಲು ಬಂದು ಕೂತಾಗಿತ್ತು. ಹೆಸರು ನೋಡಿ ತಿಳಿಯೋಣ ಎಂದರೆ ಅದೂ ಆಗದ ಮಾತು. ಮೆಜೆಸ್ಟಿಕ್ ಎನ್ನುತ್ತೇವೆ, ಆ ಟಾಕೀಸು ಇಲ್ಲ. ಅಲ್ಲಿ ಬಸ್ಸುಗಳು ನಿಲ್ಲುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ನಮ್ಮ ಕೋಣನಕುಂಟೆಯಲ್ಲೂ ನಾನು ಕೋಣ ಕಂಡಿಲ್ಲ.

ಸರಿ, ಇನ್ನು ತಡ ಮಾಡಬಾರದು ಎಂದು ಭಾನುವಾರ ಬೆಳಿಗ್ಗೆ ಹೊರಟೆ. ಗಿರಣಿಯ ಫೋಟೋ ತೆಗೆದೆ. ಇಸ್ತ್ರಿ ಗಾಡಿ ತೆಗೆದೆ, ಇಸ್ತ್ರಿಯವರು ಕೂದಲು ಬಾಚಿಕೊಳ್ಳುವ ತನಕ ಕಾದು. 'ಲೇಡೀಸ್ ಪಿಜಿ' ಚೀಟಿ ಅಂಟಿಸಿದ ಟ್ರಾನ್ಸ್‌ಫಾರ್ಮರ್ ತೆಗೆದೆ. ಕೊನೆಗೆ, ಈಗ ಕೆಲಸ ಮುಗಿದು ಎದ್ದು ನಿಂತ, ಬೊಂಬೆ ಇಲ್ಲದ ಬೊಂಬೆ ಮನೆ ಮುಂದೆ ನಿಂತು ಫೋನ್ ಎತ್ತಿದೆ. ಒಳಗಿಂದ ಒಬ್ಬರು ಚಪ್ಪಲಿ ಸಹ ಹಾಕಿಕೊಳ್ಳದೆ ಓಡಿ ಬಂದರು.

"ಪ್ಲಾನ್ ಸ್ಯಾಂಕ್ಷನ್ ಇದೆ ಸಾರ್."

"ಇಲ್ಲ, ನಾನು ಸುಮ್ನೆ..."

"ಒಳಗೆ ಬನ್ನಿ ಸಾರ್, ಬಿಸಿಲಲ್ಲಿ ಯಾಕೆ ನಿಂತ್ಕೊಂಡ್ರಿ."

ಎಂಟೂವರೆಗೆ ಎಂಥ ಬಿಸಿಲು? ಆದರೂ ಹೋದೆ. ಹೊಸ ಸೋಫಾದ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ, ಕೂತರೆ ಚರಚರ ಎಂದಿತು. ಫೈಲ್ ಬಂತು. ಖಾತೆ, ಕಂದಾಯದ ರಸೀದಿ, ನೀಲಿ ನಕ್ಷೆ, ಒಂದೊಂದಾಗಿ ಬಿಚ್ಚಿಟ್ಟರು. ನಾನು ಕನ್ನಡಕ ಹಾಕಿಕೊಂಡೆ. ಅದೇ ತಪ್ಪಾಯಿತು. ಅವರು ಇನ್ನಷ್ಟು ಹೆದರಿದರು. ಕಾಫಿ ಬಂತು, ಅದರ ಹಿಂದೆ ಕೋಡುಬಳೆ ಬಂತು. ನಾನು ಕಾರ್ಪೊರೇಷನ್‌ನವನಲ್ಲ ಎಂದು ಹೇಳಬೇಕಿತ್ತು ನಿಜ. ಆದರೆ ಬಾಯಲ್ಲಿ ಕೋಡುಬಳೆ ಇತ್ತು. ಚೆನ್ನಾಗಿತ್ತು ಕೂಡ, ಎರಡನೆಯದನ್ನೂ ತಿಂದೆ.

"ಇಲ್ಲೊಂದು ಬೊಂಬೆ ಇತ್ತಲ್ಲ?" ಎಂದೆ ಕೊನೆಗೆ.

ಅವರು ನಕ್ಷೆಯ ಮೇಲಿಂದ ತಲೆ ಎತ್ತಿದರು. ಬೊಂಬೆಗೂ ಪರ್ಮಿಷನ್ ಬೇಕಿತ್ತೇನೋ ಎಂಬ ಮುಖ. "ತಲಘಟ್ಟಪುರದ ಆಚೆ ಇನ್ನೊಂದು ಸೈಟಿದೆ ಸಾರ್. ಅಲ್ಲಿ ಪಾಯ ತೆಗೆಸ್ತಿದ್ದೀನಿ. ಅಲ್ಲಿಗೆ ತಗೊಂಡ್ ಹೋದೆ."

ಆಮೇಲೆ ನಾನು ಹಿಂದಿನ ಬೀದಿಯವನು, ಮನೆ ಫೋಟೋ ಸುಮ್ಮನೆ ನೆನಪಿಗೆ ಎಂದು ಬಿಡಿಸಿ ಹೇಳಿದೆ. ಅವರು ಪೂರ್ತಿ ನಂಬಲಿಲ್ಲ. ಆದರೂ ಗೇಟಿನ ತನಕ ಬಂದು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ನೆಟ್ಟಗೆ ನಿಂತರು.

"ತೆಗೀರಿ ಸಾರ್," ಎಂದರು. "ಮೂರನೇ ಫ್ಲೋರ್ ಒಂದು ಬರದೇ ಇರೋ ಹಾಗೆ ತೆಗೀರಿ."