ಮರಗಟ್ಟಿದ ಬಾಯಿಗೆ ಚೀನೀ ಪಾಠ

ಚೀನಾದ ಸಿಚುವಾನ್ ಪ್ರಾಂತ್ಯದ ಚೆಂಗ್ಡುವಿಗೆ ಓದಲು ಬಂದವರು ‘ಮಾ’ ಅನ್ನುವ ಪದವನ್ನು ಕ್ಲಾಸಿಗೆ ಮೊದಲು ನಾಲಿಗೆಯಲ್ಲೇ ಕಲಿಯುತ್ತಾರೆ. ಸಿಚುವಾನಿನ ಅಡುಗೆಗೆ ಹ್ವಾಜ್ಯಾವ್ ಅಂತ ಒಂದು ಕಾಯಿ ಹಾಕುತ್ತಾರೆ, ನಮ್ಮ ಕರಾವಳಿಯ ಬಂಗುಡೆ ಸಾರಿಗೆ ಬೀಳುವ ಜುಮ್ಮನಕಾಯಿಯ ಹತ್ತಿರದ ನೆಂಟ. ಅದು ಖಾರ ಅಲ್ಲ, ಸುಮ್ನೆ ತುಟಿ ಗುಂಯ್ ಅನ್ನುತ್ತದೆ. ಅದೇ ‘ಮಾ’. ಲಂಡನ್ನಿನ ಸಂಶೋಧಕರು 2013ರಲ್ಲಿ ಈ ಗುಂಯ್ ಅನ್ನೂ ಅಳೆದು, ಸೆಕೆಂಡಿಗೆ ಸುಮಾರು 50 ಸಲ ಅಂದಿದ್ದಾರೆ. ಮನೆ ಕರೆಂಟಿನದ್ದೂ 50 ಹರ್ಟ್ಸೇ ಅಲ್ವಾ? ಈ ಕಾಯಿ ಹಾಕಿ ಕುದಿಸುವ ಸಾರಿನಲ್ಲಿ ಬೇಯಿಸಿ ತಿನ್ನುವ ಹಾಟ್‌ಪಾಟ್ ಅಂದರೆ ಪ್ಲಗ್ ನೆಕ್ಕಿದ ಹಾಗೆ, ದುಡ್ಡು ಮಾತ್ರ ಜಾಸ್ತಿ.

ಕಾಲು ಜೋಮು ಹಿಡಿದರೂ ‘ಮಾ’ನೇ. ಅದಕ್ಕೆ ‘ಮು’ ಸೇರಿದರೆ ‘ಮಾಮು’. (ಶಿವಾಜಿನಗರದಲ್ಲಿ ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ.) ‘ಮು’ ಅಂದರೆ ಮರ. ನಾವೂ ಮರಗಟ್ಟಿತು ಅಂತೀವಲ್ಲ, ಮೈಗೂ ಸೈ, ಮನಸ್ಸಿಗೂ ಸೈ. ತಮ್ಮವನ ತಲೆ ತೆಗೆಯುವಾಗ ಸುಮ್ಮನೆ ನಿಂತು ನೋಡುತ್ತಿದ್ದ ಜನರ ಮುಖಕ್ಕೆ ಚೀನೀ ಲೇಖಕ ಲೂ ಶುನ್ ಬಳಸಿದ್ದು ಇದೇ ಪದವನ್ನ. ಈಗಿನ ಹುಡುಗರಿಗೆ ಅಷ್ಟೆಲ್ಲ ಬೇಕಿಲ್ಲ. ಹಬ್ಬಕ್ಕೆ ರಜೆ ಕೊಟ್ಟು ಅದರ ಬದಲಿಗೆ ಶನಿವಾರ ಕ್ಲಾಸ್ ಇಟ್ಟರೆ ಸಾಕು, ‘ವೋ ಮಾ ಲ’, ಅಂದರೆ ನಾನು ಮರಗಟ್ಟಿಹೋದೆ, ಅಂತ ಗ್ರೂಪಿಗೆ ಹಾಕಿ ಮಗ್ಗುಲು ಬದಲಿಸುತ್ತಾರೆ.

ನನಗೆ ಈ ಪದ ನಿಜವಾಗಿ ಬೇಕಾದದ್ದು ದವಡೆ ಹಲ್ಲು ಕೀಳಿಸುವಾಗ. ಡಾಕ್ಟರಮ್ಮ ಇಂಜೆಕ್ಷನ್ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಒಸಡನ್ನು ಕಡ್ಡಿಯಂಥದ್ದರಲ್ಲಿ ಒತ್ತಿ ಕೇಳಿದರು: ‘ಮಾ ಲ ಮಾ?’ ಜೋಮು ಹಿಡಿಯಿತಾ? ಉತ್ತರ ಗೊತ್ತು: ‘ಮಾ ಲ’. ಆದರೆ ‘ಮ’ ಅನ್ನೋಕೆ ಎರಡು ತುಟಿಯೂ ಸೇರಬೇಕಲ್ಲ, ನನ್ನ ಕೆಳತುಟಿ ಎಲ್ಲಿದೆ ಅಂತಲೇ ತಿಳಿಯುತ್ತಿಲ್ಲ. ‘ಆಹ್… ಹ’ ಅಂತ ಗಾಳಿ ಬಂತು. ಸರಿ, ತಲೆಯಾದರೂ ಆಡಿಸೋಣ ಅಂತ ಆಡಿಸಿದೆ. ಅದು ನಮ್ಮೂರಿನ ತಲೆ, ‘ಹೂಂ, ಆಯ್ತು ಆಯ್ತು’ ಅಂತ ಅಡ್ಡಡ್ಡ ತೂಗಿತು. ಚೀನಾದಲ್ಲಿ ಅಡ್ಡ ಆಡಿದರೆ ‘ಇಲ್ಲ’ ಅಂತ. ‘ಅಯ್ಯೋ, ಇನ್ನೂ ಇಲ್ವಾ’ ಅನ್ನುವ ಮುಖ ಮಾಡಿ ಅವರು ಇನ್ನೊಂದು ಸೂಜಿ ಎತ್ತಿಕೊಂಡರು. ನಾನು ಗಾಬರಿಯಲ್ಲಿ ಇನ್ನೂ ಜೋರಾಗಿ ತೂಗಿದೆ.

ಹಲ್ಲು ಯಾವಾಗ ಬಂತೋ ಗೊತ್ತೇ ಆಗಲಿಲ್ಲ. ಕಿವಿವರೆಗೂ ಮರ. ಕೆನ್ನೆಗೆ ಐಸ್ ಒತ್ತಿಕೊಂಡು ಕೌಂಟರಿಗೆ ಹೋದರೆ ಬಿಲ್ ಕೊಟ್ಟರು, ಎರಡನೇ ಸೂಜಿಯದ್ದೂ ಸೇರಿಸಿ. ಬಾಯಲ್ಲಿ ಹತ್ತಿ ಇದ್ದರೂ, ತುಟಿ ಇಲ್ಲದಿದ್ದರೂ ಚೀನೀ ಸ್ವರದ ಏರಿಳಿತ ಸಮೇತ ಸ್ಪಷ್ಟವಾಗಿ ಬಂತು: ‘ವೋ ಮಾ ಲ!’

ಕೌಂಟರಿನ ಹುಡುಗಿ ನಕ್ಕು ಕ್ಯೂಆರ್ ಕೋಡ್ ಮುಂದೆ ಹಿಡಿದಳು.