ಕುಕ್ಕರಿಗೆ ದೇವ್ರೇ ಜಾಮೀನು

"ದೇವ್ರ ಭಯ ಇಲ್ದಿದ್ರೆ ಮನುಷ್ಯ ಕೆಟ್ಟೋಗ್ತಾನೆ, ನೀತಿ ನಿಯತ್ತು ಎಲ್ಲಾ ಬರೋದೇ ಧರ್ಮದಿಂದ" ಅಂತ ಟಿವಿಲಿ ಬರೋ ಪಂಡಿತ್ರಿಂದ ಹಿಡಿದು ಟೀ ಅಂಗ್ಡಿ ಮುಂದೆ ನಿಲ್ಲೋ ರಿಟೈರ್ಡ್ ಮೇಷ್ಟ್ರ ತನಕ ಎಲ್ರೂ ಹೇಳ್ತಾರೆ. ನಂದೇನೂ ತಕರಾರಿಲ್ಲ. ನಮ್ ರಾಜ್ಯದಲ್ಲಿ ಇದಕ್ಕೆ ಪುರಾವೆ ಬೇಕು ಅಂದ್ರೆ ಗುಡಿಗೆ ಹೋಗ್ಬೇಕಾಗಿಲ್ಲ, ಎಲೆಕ್ಷನ್ ಹಿಂದಿನ ರಾತ್ರಿ ಯಾವ್ದಾದ್ರೂ ಕೇರಿಗೆ ಹೋದ್ರೆ ಸಾಕು.

ಕರೆಂಟ್ ಹೋಗುತ್ತೆ (ಅವತ್ತು ಹೋಗ್ಲೇಬೇಕು), ಬೈಕಲ್ಲಿ ಇಬ್ರು ಬರ್ತಾರೆ, ಒಬ್ಬನ ಕೈಲಿ ವೋಟರ್ ಲಿಸ್ಟು ಕವರು, ಇನ್ನೊಬ್ಬನ ಕೈಲಿ ಮಂಜುನಾಥಸ್ವಾಮಿ ಫೋಟೊ. ಆ ಕಡೆ ಹೋದ್ರೆ ಮಾದಪ್ಪ, ಈ ಕಡೆ ಬಂದ್ರೆ ಯಲ್ಲಮ್ಮ, ಯಾವ ಏರಿಯಾಲಿ ಯಾವ ದೇವ್ರಿಗೆ ಜನ ಜಾಸ್ತಿ ಹೆದರ್ತಾರೆ ಅನ್ನೋದು ನಮ್ ಲೀಡರ್‌ಗಳಿಗೆ ಗೊತ್ತಿರೋಷ್ಟು ಯಾವ ಯೂನಿವರ್ಸಿಟಿ ಸಂಶೋಧಕ್ರಿಗೂ ಗೊತ್ತಿಲ್ಲ. "ಅಕ್ಕಾ, ಬಲಗೈ ಇಡಿ ಫೋಟೊ ಮೇಲೆ, ನಮ್ ಅಣ್ಣಂಗೇ ಓಟು ಅಂತ ಹೇಳ್ಬಿಡಿ." ಅಕ್ಕ ಹೇಳ್ತಾರೆ. ಕವರ್ ಕೊಡ್ತಾರೆ. ಕೆಲವು ಕಡೆ ಕುಕ್ಕರ್ರು, ಕೆಲವು ಕಡೆ ಸೀರೆ, ಜೊತೆಗೆ ಅರಿಶಿನ ಕುಂಕುಮ, ಸಂಪ್ರದಾಯ ಬಿಡೋಕಾಗುತ್ತಾ.

ಇದರಲ್ಲಿರೋ ಲೀಗಲ್ ತಲೆ ನೋಡಿ ಸ್ವಲ್ಪ. ದುಡ್ಡು ತಗೊಂಡು ಓಟು ಹಾಕ್ತೀನಿ ಅನ್ನೋ ಒಪ್ಪಂದ ಕೋರ್ಟಲ್ಲಿ ನಿಲ್ಲಲ್ಲ, 1872ರ ಕಾಂಟ್ರ್ಯಾಕ್ಟ್ ಆಕ್ಟ್ ಪ್ರಕಾರ ಕಾನೂನಿಗೆ ವಿರುದ್ಧದ ಒಪ್ಪಂದ ಒಪ್ಪಂದಾನೇ ಅಲ್ಲ. ಇನ್ನು ಬೂತಲ್ಲಿ ಇಣುಕಿ ನೋಡೋಣ ಅಂದ್ರೆ ಯಾರಿಗೆ ಓಟು ಬಿತ್ತು ಅಂತ ತೋರಿಸೋ ವಿವಿಪ್ಯಾಟ್ ಚೀಟಿ ಬರೀ 7 ಸೆಕೆಂಡು, ಅದೂ ಓಟು ಹಾಕ್ದೋರಿಗೆ ಮಾತ್ರ ಕಾಣೋದು. ಅಂದ್ರೆ ದುಡ್ಡು ಕೊಟ್ಟೋನಿಗೆ ರಸೀದಿ ಇಲ್ಲ, ಅಗ್ರಿಮೆಂಟ್ ಇಲ್ಲ, ಸಾಕ್ಷಿ ಇಲ್ಲ, ಕೇಸ್ ಹಾಕೋಕೂ ಆಗಲ್ಲ. ಇಷ್ಟೆಲ್ಲಾ ಇಲ್ದೇನೂ ಕೋಟಿಗಟ್ಲೆ ಬಿಸಿನೆಸ್ ನಡೀತಿದೆ ಅಂದ್ರೆ ಅದು ಒಂದು ಫ್ರೇಮ್ ಹಾಕಿದ ಫೋಟೊ ಧೈರ್ಯದ ಮೇಲೆ. ಲಂಚದಂಥ ಲಂಚಾನೂ ಪ್ರಾಮಾಣಿಕವಾಗಿ ನಡೀಬೇಕು ಅಂದ್ರೆ ದೇವ್ರು ಬೇಕು, ಧರ್ಮ ಇಲ್ದೆ ನೀತಿ ಇಲ್ಲ ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಕಾ?

2023ರ ವಿಧಾನಸಭಾ ಎಲೆಕ್ಷನ್‌ನಲ್ಲಿ ನಗದು, ಎಣ್ಣೆ, ಗಿಫ್ಟು ಎಲ್ಲಾ ಸೇರಿ 375 ಕೋಟಿಗೂ ಜಾಸ್ತಿ ಸೀಜ್ ಆಯ್ತು. ಸಿಕ್ಕಾಕೊಂಡಿದ್ದೇ ಇಷ್ಟು, ಸಿಗದೇ ಮನೆ ಸೇರಿದ್ದು ಎಷ್ಟು ಅಂತ ಆ ಫೋಟೊದಲ್ಲಿರೋರಿಗೇ ಗೊತ್ತು. ಅದೇ ವರ್ಷ ಜನವರಿಲಿ ಬೆಳಗಾವಿ ಕಡೆ ಮಾಜಿ ಮಂತ್ರಿಯೊಬ್ರು ವೇದಿಕೆ ಮೇಲೇ, ಮೈಕಲ್ಲೇ, ಅವ್ರು ಮೂರು ಸಾವಿರದ ಗಿಫ್ಟ್ ಕೊಟ್ರೆ ನಾವು ಆರು ಸಾವಿರ ಕೊಡ್ತೀವಿ ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಅಷ್ಟು ಓಪನ್ನಾಗಿ ಹೇಳೋದೂ ಒಂಥರ ಸತ್ಯವಂತಿಕೆ ಬಿಡಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಫೋಟೊ ಹಿಡ್ಕೊಂಡು ಬಂದೋನು ಆಣೆ ಮಾಡಲ್ಲ, ಮಾಡಿಸ್ತಾನೆ. "ಗೆದ್ದ ಮೇಲೆ ಬೋರ್‌ವೆಲ್ ಹಾಕಿಸ್ತೀನಿ" ಅಂತ ಅವನು ಯಾವ ಫೋಟೊ ಮೇಲೂ ಕೈ ಇಟ್ಟಿದ್ದು ನಾನಂತೂ ಕೇಳಿಲ್ಲ. ಅವನಿಗೆ ಭಕ್ತಿ ಇದೆ, ತುಂಬಾ ಇದೆ, ಆದ್ರೆ ಅದು ದೇವ್ರ ಮೇಲಲ್ಲ, ಕವರ್ ತಗೊಂಡ ಆ ಅಕ್ಕನ ಆತ್ಮಸಾಕ್ಷಿ ಮೇಲೆ. ಮೂರೂ ಪಾರ್ಟಿಯೋರಿಗೂ ಕೈ ಇಟ್ಟ ಅಕ್ಕ ರಾತ್ರಿಯೆಲ್ಲಾ ನಿದ್ದೆ ಇಲ್ದೆ ಒದ್ದಾಡಿ, ಕೊನೆಗೆ ಯಾರಿಗೋ ಒಬ್ಬರಿಗೆ ಒತ್ತಿ, ಉಳಿದ ಎರಡಕ್ಕೆ ಅಂತ ತಪ್ಪುಕಾಣಿಕೆ ಗಂಟು ಕಟ್ಟಿ ದೇವ್ರ ಮುಂದೆ ಇಡ್ತಾಳೆ. ಗೆದ್ದ ಅಣ್ಣ ಆಮೇಲೆ ರೆಸಾರ್ಟಲ್ಲಿ ಪಾರ್ಟಿ ಬದ್ಲಾಯಿಸ್ತಾನೆ, ಅವನಿಗೆ ಯಾವ ಕಾಣಿಕೆನೂ ಇಲ್ಲ.

ದೊಡ್ಡೋರು ಆಣೆ ಮಾಡೋಕೆ ಹೋಗೇ ಇಲ್ಲ ಅಂತಲ್ಲ. 2011ರಲ್ಲಿ ಕುಮಾರಸ್ವಾಮಿಯೋರು ರಾಜಿಗೆ ಜನ ಕಳಿಸಿದ್ರು, ಇಲ್ಲ ಕಳಿಸಿಲ್ಲ ಅನ್ನೋ ಜಗಳದಲ್ಲಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನೋರು, ಧರ್ಮಸ್ಥಳಕ್ಕೆ ಬಂದು ಆಣೆ ಮಾಡಿ ಅಂತ ಪೇಪರಲ್ಲಿ ಜಾಹೀರಾತು ಕೊಟ್ಟು ಅವರಿಗೆ ಸವಾಲು ಹಾಕಿದ್ರು, ಅವರೂ ಜೈ ಅಂದ್ರು. ಜೂನ್ 27ಕ್ಕೆ ಇಬ್ರೂ ಹೋದ್ರು, ಇಡೀ ರಾಜ್ಯ ಟಿವಿ ಮುಂದೆ ಕೂತಿತ್ತು, ಪೂಜೆ ಆಯ್ತು, ದರ್ಶನ ಆಯ್ತು, ಆಣೆ ಮಾತ್ರ ಆಗ್ಲಿಲ್ಲ! ದೇವ್ರ ಭಯ ಅನ್ನೋದು ಮೇಲಿನೋರಿಗೂ ಇದೆ ಅಂತ ಅವತ್ತೇ ಪ್ರೂವ್ ಆಗಿದ್ದು. ಅಕ್ರಮ ಗಣಿಗಾರಿಕೆ ಬಗ್ಗೆ ಸಂತೋಷ್ ಹೆಗ್ಡೆಯೋರ ಲೋಕಾಯುಕ್ತ ವರದಿಗೆ ಆ ಭಯ ಇರ್ಲಿಲ್ಲ ಅನ್ಸುತ್ತೆ, ಮುಂದಿನ ತಿಂಗಳೇ ಬಂತು, ಜುಲೈ 31ಕ್ಕೆ ಯಡಿಯೂರಪ್ಪನೋರ ರಾಜೀನಾಮೆನೂ ಆಯ್ತು.

ಕಾಂಪೌಂಡ್ ಗೋಡೆಗೆ ದೇವ್ರ ಟೈಲ್ಸ್ ಹಾಕೋದು ನೋಡಿರ್ತೀರಲ್ಲ, ಗಣಪತಿ, ಏಸು, ಮೆಕ್ಕಾ ಎಲ್ಲಾ ಒಂದೇ ಸಾಲಲ್ಲಿ, ಸರ್ವಧರ್ಮ ಸಮನ್ವಯ ನಮ್ಮಲ್ಲಿ ನಿಜವಾಗ್ಲೂ ಇರೋದು ಅದೊಂದೇ ಜಾಗದಲ್ಲಿ. ಬಂದೋನು ಜಿಪ್‌ಗೆ ಹಾಕಿದ ಕೈಯನ್ನ ಹಾಗೇ ಹಣೆಗೆ ಮುಟ್ಟಿಸಿ, ನಾಕು ಹೆಜ್ಜೆ ಆಚೆ ಹೋಗಿ, ಟೈಲ್ಸ್ ಮುಗಿದ ಕಡೆ ಕೆಲಸ ಮುಗಿಸ್ತಾನೆ. ನೀತಿ ಎಷ್ಟು ಅಡಿ ಬೇಕೋ ಅಷ್ಟು ಅಡಿ ಟೈಲ್ಸ್ ಹಾಕಿಸ್ಬೇಕು, ಕಾಂಟ್ರ್ಯಾಕ್ಟರ್‌ಗೆ ಹೇಳಿ.

ಮಧ್ಯದಲ್ಲಿ ಎಚ್. ನರಸಿಂಹಯ್ಯನವರಂಥೋರು ಬಂದು ಲೆಕ್ಕ ಕೆಡಿಸ್ತಾರೆ. ಬೆಂಗಳೂರು ವಿವಿ ಕುಲಪತಿ ಆಗಿದ್ದಾಗ ಪವಾಡಗಳನ್ನ ಪರೀಕ್ಷೆ ಮಾಡೋಕೆ ಸಮಿತಿ ಮಾಡಿದ ಮನುಷ್ಯ, ದೇವ್ರ ಫೋಟೊ ತೋರಿಸಿ ಯಾರೂ ಹೆದರಿಸಿರ್ಲಿಲ್ಲ, ಆದ್ರೂ ನ್ಯಾಷನಲ್ ಕಾಲೇಜ್ ಹಾಸ್ಟೆಲ್‌ನ ಒಂದು ರೂಮಲ್ಲಿ ಸರಳವಾಗಿ ಜೀವನ ಕಳೆದ್ರು. ಇಂಥೋರನ್ನ ಡಿಬೇಟಲ್ಲಿ ಎತ್ಬೇಡಿ, ಪಂಡಿತ್ರಿಗೆ ಬೇಜಾರಾಗುತ್ತೆ.

ಕಾನೂನಿಗೆ ಇದೆಲ್ಲಾ ಗೊತ್ತಿಲ್ಲ ಅನ್ಕೊಂಡ್ರಾ? 1951ರ ಪ್ರಜಾಪ್ರತಿನಿಧಿ ಕಾಯ್ದೆ 123ನೇ ಸೆಕ್ಷನ್ನಲ್ಲಿ ದುಡ್ಡು ಹಂಚೋದೂ ಭ್ರಷ್ಟಾಚಾರ, ಹಿಂಗೆ ಮಾಡದಿದ್ರೆ ದೇವ್ರ ಕೋಪಕ್ಕೆ ಗುರಿ ಆಗ್ತೀಯ ಅಂತ ಮತದಾರನ್ನ ನಂಬಿಸೋದೂ ಭ್ರಷ್ಟಾಚಾರ ಅಂತ ಸ್ಪಷ್ಟವಾಗಿ ಬರೆದಿದೆ. ಕವರ್ರು ಫೋಟೊ ಎರಡೂ ಒಂದೇ ಬೈಕಲ್ಲಿ ಬರುತ್ತೆ ಅಂತ ಅವತ್ತಿನೋರಿಗೆ ಹೆಂಗೆ ಹೊಳೀತೋ ಏನೋ.

ಸರಿ, ಆ ಅಕ್ಕ ಧೈರ್ಯ ಮಾಡಿ ಸಾಕ್ಷಿ ಹೇಳೋಕೆ ಕೋರ್ಟಿಗೆ ಬಂದ್ಲು ಅಂತಿಟ್ಕೊಳ್ಳಿ. ಕಟಕಟೆ ಹತ್ತಿದ ತಕ್ಷಣ ಮೊದ್ಲು ಮಾಡಿಸೋದೇ ದೇವ್ರ ಹೆಸರಲ್ಲಿ ಪ್ರಮಾಣ, ಅದೇ ದೇವ್ರು, ಹೋದ ಸಲ ಕುಕ್ಕರಿಗೆ ಜಾಮೀನು ನಿಂತೋನು. ಒಂದು ಆಣೆ ಉಳೀಬೇಕಂದ್ರೆ ಇನ್ನೊಂದು ಮುರೀಬೇಕು. 1969ರ ಪ್ರಮಾಣ ಕಾಯ್ದೆಲಿ ಇದಕ್ಕೂ ದಾರಿ ಇದೆ, ದೇವ್ರ ಹೆಸರು ಬೇಡ ಅಂದ್ರೆ ಸತ್ಯನಿಷ್ಠೆಯಿಂದ ಹೇಳ್ತೀನಿ ಅಂದ್ರೆ ಸಾಕು, ಕಾನೂನಲ್ಲಿ ಎರಡಕ್ಕೂ ಒಂದೇ ತೂಕ. ಅಕ್ಕ ಯೋಚ್ನೆ ಮಾಡಿ ಅದನ್ನೇ ಆರಿಸ್ಕೊಂಡ್ರೆ ಆ ಕಡೆ ವಕೀಲರು ಕೋಟು ಸರಿ ಮಾಡ್ಕೊಂಡು ಎದ್ದು ನಿಂತು ಕೇಳೋ ಮೊದಲ ಪ್ರಶ್ನೆ: "ಏನಮ್ಮಾ, ದೇವ್ರ ಹೆಸರೇ ಬೇಡ ಅಂತೀಯ, ನಿನ್ನ ಮಾತನ್ನ ನಂಬೋದು ಹೆಂಗೆ?"