ಕಬ್ಬನ್ ಪಾರ್ಕಿನ ಕೊಳಗಳಿಗೆ ಮಳೆ ನೀರೇ ಬರಲಿ

ಬೇಸಿಗೆ ಬಂದು ಕಬ್ಬನ್ ಪಾರ್ಕಿನ ಕೊಳ ಬತ್ತಿತು ಅಂದರೆ ಸಾಕು, ಟ್ಯಾಂಕರ್ ತರಿಸಿ, ಬೋರ್‌ವೆಲ್ ಹಾಕಿಸಿ ಅಂತ ಶುರು ಮಾಡುತ್ತೇವೆ. ನನಗೆ ಇದು ಸರಿ ಕಾಣುವುದಿಲ್ಲ. ಅಲ್ಲಿನ ಕಮಲದ ಕೊಳ, ಕರಗದ ಕುಂಟೆ ಇವೆಲ್ಲ ಬರೀ ಅಲಂಕಾರ ಅಂದುಕೊಂಡಿದ್ದೇವಲ್ಲ, ತೊಂದರೆ ಇರುವುದೇ ಅಲ್ಲಿ.

ಜೋರು ಮಳೆ ಬಂದಾಗ ಪಾರ್ಕಿನೊಳಗೆ ಒಮ್ಮೆ ಸುತ್ತಾಡಿ ನೋಡಿ. ಹೈಕೋರ್ಟ್ ಕಡೆ ಎತ್ತರ, ಕಂಠೀರವ ಕ್ರೀಡಾಂಗಣದ ಕಡೆ ತಗ್ಗು. ನೀರು ಯಾರನ್ನೂ ಕೇಳದೆ ಆ ಕಡೆಗೇ ಹರಿಯುತ್ತದೆ, ಯಾಕೆಂದರೆ ಸ್ಟೇಡಿಯಂ ಇರುವ ಜಾಗದಲ್ಲಿ ಮೊದಲು ಸಂಪಂಗಿ ಕೆರೆ ಇತ್ತು. 1870ರಲ್ಲಿ ಬ್ರಿಟಿಷ್ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಈ ಪಾರ್ಕ್ ಮಾಡಿಸಿದಾಗ ಪಕ್ಕದಲ್ಲಿ ಕೆರೆಯೂ ಇತ್ತು, ಅದರ ಸುತ್ತ ಹೂವು, ತರಕಾರಿ ಬೆಳೆಯುವ ತಿಗಳರೂ ಇದ್ದರು. 1890ರ ದಶಕದಲ್ಲಿ ಹೆಸರಘಟ್ಟದಿಂದ ಪೈಪಿನಲ್ಲಿ ನೀರು ಬಂತು ನೋಡಿ, ಊರಿನವರಿಗೆ ಕೆರೆಯ ಹಂಗು ತಪ್ಪಿತು. ತಿಗಳರಿಗೆ ಮಾತ್ರ ಅದೇ ಬದುಕಾಗಿತ್ತು. ಕೊನೆಗೆ ಕೆರೆ ಹೋಗಿ ಸ್ಟೇಡಿಯಂ ಬಂತು, ತಿಗಳರು ನಡೆಸುವ ಕರಗ ಉತ್ಸವಕ್ಕೆ ಬೇಕು ಅಂತ ಒಂದು ಪುಟ್ಟ ಕಲ್ಯಾಣಿ ಉಳಿಯಿತು. ಪಾರ್ಕಿನ ಕರಗದ ಕುಂಟೆಯ ಹೆಸರಲ್ಲೂ ಅದೇ ನಂಟು ಇದೆ. ಅಷ್ಟು ದೊಡ್ಡ ಕೆರೆ ಹೋದ ಮೇಲೂ ಜನ ಆಚರಣೆ ಬಿಡಲಿಲ್ಲ, ಅದಕ್ಕೆ ನೀರಿನ ಜಾಗವೂ ಉಳಿಯಿತು. ಇದು ಸಣ್ಣ ವಿಷಯ ಅಲ್ಲ.

2024 ನೆನಪಿದೆಯಾ? ಮಾರ್ಚ್‌ನಲ್ಲಿ ನೀರಿಲ್ಲದೆ ಎಷ್ಟು ಒದ್ದಾಡಿದೆವು. ಕಾರಂಜಿಗೆ, ಗಿಡಕ್ಕೆ, ಕಾರು ತೊಳೆಯುವುದಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಅದೇ ವರ್ಷ ಜೂನ್ 2ರಂದು ಒಂದೇ ದಿನ 111.1 ಮಿಲಿಮೀಟರ್ ಮಳೆ! ಪಾರ್ಕ್ ಸುಮಾರು 300 ಎಕರೆ ಅಂತ ಹಿಡಿದು ಲೆಕ್ಕ ಹಾಕಿದರೆ ಇಂಥ ಒಂದು ಮಳೆಗೆ ಅಲ್ಲಿ ಬೀಳುವುದು 13 ಕೋಟಿ ಲೀಟರಿಗಿಂತ ಜಾಸ್ತಿ ನೀರು. ಒಂದಷ್ಟು ಮಣ್ಣಿಗೆ ಇಳಿಯುತ್ತದೆ, ಒಪ್ಪಿದೆ. ಉಳಿದದ್ದು ರಸ್ತೆಗೆ ಇಳಿದು, ಮೋರಿ ಸೇರಿ, ಕೊಳಚೆಯ ಜತೆ ಬೆಳ್ಳಂದೂರು ಕೆರೆಯ ದಾರಿ ಹಿಡಿಯುತ್ತದೆ. ಹೊಟ್ಟೆ ಉರಿಯುವುದಿಲ್ಲವಾ?

ಆಗುವುದೇ ಇಲ್ಲ ಅನ್ನಬೇಡಿ. ಇದೇ ಪಾರ್ಕಿನಲ್ಲಿ ಹೂಳು ತುಂಬಿ ಕೂತಿದ್ದ ಹಳೇ ತೆರೆದ ಬಾವಿಗಳನ್ನು ಮಣ್ಣುವಡ್ಡರು ಕೈಯಾರೆ ಶುಚಿ ಮಾಡಿದರು. ಮಳೆ ನೀರನ್ನು ನೆಲಕ್ಕೆ ಇಳಿಸುವ ಇಂಗುಬಾವಿಗಳನ್ನೂ ತೋಡಿದರು. ಬಾವಿಗಳಲ್ಲಿ ಮತ್ತೆ ನೀರು ಬಂತು, ಅದು ಪಾರ್ಕಿನ ಕೆಲಸಕ್ಕೇ ಬಳಕೆಯಾಯಿತು. ತಲೆಮಾರುಗಳಿಂದ ಬಾವಿ ತೋಡಿಕೊಂಡು ಬಂದವರು ಅವರು. ಪಾರ್ಕಿನ ನೀರಿನ ವಿಷಯಕ್ಕೆ ಸಭೆ ಕರೆದರೆ ಮೊದಲ ಕುರ್ಚಿ ಅವರಿಗೆ ಹಾಕಬೇಕು ಅಂತ ನನ್ನ ಅಭಿಪ್ರಾಯ.

ಕೊಳಗಳಿಗೂ ಅದೇ ರೀತಿ ಯೋಚಿಸಬೇಕು. ಕೊಳ ಚೆಂದ ಮಾಡುವುದು ಅಂದರೆ ಸುತ್ತ ಗ್ರಿಲ್, ಬಣ್ಣದ ಲೈಟು, ತಳಕ್ಕೆ ಸಿಮೆಂಟು ಅಂತಲೇ ನಮ್ಮ ತಲೆಗೆ ಬರುತ್ತದೆ. ತಳಕ್ಕೆ ಸಿಮೆಂಟು ಹಾಕಿದರೆ ನೀರು ಇಂಗುವುದು ಹೇಗೆ? ಸುತ್ತ ಕಟ್ಟೆ ಎತ್ತರಿಸಿದರೆ ಹುಲ್ಲಿನ ಮೇಲಿಂದ ಹರಿದು ಬರುವ ನೀರು ಒಳಗೆ ಹೋಗುವುದು ಎಲ್ಲಿಂದ? ನೀರು ಬರುವ ಕಾಲುವೆ ಮೊದಲು ಸರಿಯಾಗಲಿ. ಬಾಯಲ್ಲೊಂದು ಹೂಳುಗುಂಡಿ ಇರಲಿ, ಎಲೆ, ಪ್ಲಾಸ್ಟಿಕ್ಕು ಅಲ್ಲೇ ನಿಲ್ಲುತ್ತದೆ. ತುಂಬಿ ಮಿಕ್ಕಿದ್ದು ಹೊರಗೆ ಹೋಗುವುದಕ್ಕೂ ಕೋಡಿ ಬೇಕು. ಸೊಳ್ಳೆ ಆಗುತ್ತದೆ ಅನ್ನುವವರಿದ್ದಾರೆ, ನ್ಯಾಯವಾದ ಮಾತೇ. ಅದಕ್ಕೆ ಮೀನು ಬಿಡಬಹುದು, ಕೊಳ ಮುಚ್ಚಬೇಕಾಗಿಲ್ಲ. ರಸ್ತೆಯ ಎಣ್ಣೆ ನೀರು ಮಾತ್ರ ಒಳಗೆ ಬರಲೇಬಾರದು, ಅದರಲ್ಲಿ ರಾಜಿ ಬೇಡ.

ಬೇಸಿಗೆಯಲ್ಲಿ ನೀರು ಸ್ವಲ್ಪ ಇಳಿದರೆ ಇಳಿಯಲಿ ಬಿಡಿ, ಕೊಳ ಅಂದಮೇಲೆ ಏರುವುದು ಇಳಿಯುವುದು ಇದ್ದದ್ದೇ ಅಲ್ವಾ. ಮುಂಗಾರಿಗೆ ಮುಂಚೆ ಕಾಲುವೆಗಳ ಹೂಳು ತೆಗೆಸಿ ಅಂತ ಈಗಲೇ ತೋಟಗಾರಿಕೆ ಇಲಾಖೆಗೆ ಬರೆಯೋಣ. ಪತ್ರ ನಾನು ಬರೆಯುತ್ತೇನೆ, ಸಹಿ ಹಾಕುವವರು ಕೆಳಗೆ ತಿಳಿಸಿ.